ಆರು ದಿನದ ಮುಯ್ಯಾಳು

ಆ ವರ್ಷ ನನಗೆ ಯಾವ ಮಗುವಿನ ಮೇಲೂ ಪ್ರೀತಿ ಉಳಿದಿರಲಿಲ್ಲ. ಹೀಗೆಲ್ಲ ಬರೆದರೆ ಮೇಷ್ಟರ ಕುಲಕ್ಕೇ ಕೆಟ್ಟ ಹೆಸರು ಅಂತ ನನ್ನ ಗಂಡ ಗದರುತ್ತಾರೆ. ಗದರಲಿ. ಬೆಳಿಗ್ಗೆ ಎಂಟೂಕಾಲಿಗೆ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವವಳು ನಾನು, ಅವರಲ್ಲ. ಶೆಟ್ಟಿಕೆರೆ ಮಾರ್ಗದ ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತ, ಮಂಡಿನೋವಿಗೆ ಒಂದು ಕಾಲಿನ ಭಾರ ಇನ್ನೊಂದು ಕಾಲಿಗೆ ಬದಲಿಸುತ್ತ ಹೋಗಿ ಇಳಿದರೆ, ಅಲ್ಲಿಂದ ತೆಂಗಿನ ತೋಟಗಳ ನಡುವೆ ಇಪ್ಪತ್ತು ನಿಮಿಷದ ನಡಿಗೆ. ಹೈಸ್ಕೂಲು ಸೇರಿ ಒಂದು ಲೋಟ ನೀರು ಕುಡಿಯುವುದರೊಳಗೆ ಮೊಬೈಲು ಕಿರುಗುಟ್ಟುತ್ತಿತ್ತು. ಇವತ್ತು ಮೊಟ್ಟೆ ತಿಂದ ಮಕ್ಕಳೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಫೋಟೋ ಸಮೇತ ಹಾಕಿ. ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿದ ಮೇಲೆ ನಾನು ಮೊಟ್ಟೆ ಎಣಿಸುವ ಹೆಂಗಸಾಗಿದ್ದೆ.

ಅಂಥ ಹೊತ್ತಿನಲ್ಲಿ ಹೆಡ್‌ಮಾಸ್ಟರು ನನ್ನನ್ನು ಕರೆದು, ಕಲಿಕಾ ನ್ಯೂನತೆ ಇರುವ ಮಕ್ಕಳ ಬಗ್ಗೆ ತುಮಕೂರಿನಲ್ಲಿ ಐದು ದಿನದ ತರಬೇತಿ ಇದೆ, ನಿಮ್ಮ ಹೆಸರು ಕಳಿಸಿದ್ದೇನೆ ಅಂದರು. ಅವರು ಹೆಸರು ಕಳಿಸಿದ ದಿನ ನಾನು ರಜೆಯಲ್ಲಿದ್ದೆ. ರಜೆಯಲ್ಲಿದ್ದವರ ತಲೆಗೇ ಎಲ್ಲ ಕಟ್ಟುವುದು ನಮ್ಮ ಶಾಲೆಯ ಪದ್ಧತಿ. "ಸಾರ್, ನನ್ನ ಮಂಡಿಗೇ ನ್ಯೂನತೆ ಬಂದಿದೆ, ಬೇರೆ ಯಾರನ್ನಾದರೂ ಕಳಿಸಿ" ಅಂದೆ. "ಅಯ್ಯೋ, ಕೂತ್ಕೊಂಡು ಕೇಳೋದು ತಾನೆ ಮೇಡಂ" ಅಂದರು. ಹೋದೆ.

ಮೊದಲ ಎರಡು ದಿನ ತೂಕಡಿಸಿದೆ. ಮೂರನೆಯ ದಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು, ಕೆಲವು ಮಕ್ಕಳಿಗೆ ಬುದ್ಧಿ ಚೆನ್ನಾಗಿಯೇ ಇರುತ್ತದೆ, ಕಣ್ಣೂ ಸರಿಯಾಗಿರುತ್ತದೆ, ಆದರೆ ಅಕ್ಷರ ಮಾತ್ರ ಕೂಡಿಕೊಳ್ಳುವುದಿಲ್ಲ, ಅವರನ್ನು ನಾವು ಸೋಮಾರಿಗಳು ಅಂತ ಹೊಡೆಯುತ್ತೇವೆ ಅಂದಳು. ನನಗೆ ತಟ್ಟನೆ ಎಚ್ಚರವಾಯಿತು. ನಮ್ಮ ಹತ್ತನೇ ತರಗತಿಯಲ್ಲಿ ಹಿಂದಿನ ಬೆಂಚಿನ ಗೋಡೆ ಕಡೆ ಕೂರುವ ಒಬ್ಬ ಹುಡುಗಿ ಇದ್ದಳು. ಎಂಟನೇ ತರಗತಿಯಲ್ಲಿ ಉಕ್ತಲೇಖನ ಕೊಟ್ಟಾಗಲೆಲ್ಲ ಅವಳನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದವಳು ನಾನೇ. ಒಂದು ದಿನವಲ್ಲ, ಒಂದು ವರ್ಷ ಪೂರ್ತಿ. ತಡಮಾಡಿ ಬಂದ ಬುದ್ಧಿ ಅಂದರೆ ಅದೇ, ಅಳುವುದಕ್ಕೂ ಆಗದು, ನಗುವುದಕ್ಕೂ ಆಗದು.

ಅವಳು ಊರಾಚೆಯ ಹಟ್ಟಿಯವಳು. ಅಪ್ಪ ಇಲ್ಲ. ಅವ್ವ, ಇಪ್ಪತ್ತು ಚಿಲ್ಲರೆ ಕುರಿ, ಒಂದೂವರೆ ಎಕರೆ ರಾಗಿ ಹೊಲ, ಇಷ್ಟೇ ಸಂಸಾರ. ತರಬೇತಿಯಿಂದ ಬಂದ ಮಾರನೆಯ ದಿನ ಅವಳನ್ನು ಸ್ಟಾಫ್ ರೂಮಿಗೆ ಕರೆಸಿ, ಇನ್ನೂ ಮಾಡದೆ ಇದ್ದ ಒಂದು ಪಾಠವನ್ನು ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ, "ಏನು ಕೇಳಿಸಿಕೊಂಡೆ, ಹೇಳು" ಅಂದೆ. ಅವಳು ನೆಲ ನೋಡುತ್ತ ಪಾಠವನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ನಾನು ನಡುವೆ ಬಿಟ್ಟು ಓದಿದ್ದ ಒಂದು ಸಾಲನ್ನು, "ಇಲ್ಲಿ ಏನೋ ತಪ್ಪೋಗದೆ ಮೇಡಂ, ಮಾತು ಹೊಂದ್ತಿಲ್ಲ" ಅಂತ ಬೇರೆ ತೋರಿಸಿದಳು. ಬೋರ್ಡಿನ ಮೇಲೆ ಎರಡು ಪದ ಬರೆದು ಓದು ಅಂದರೆ ಮಾತ್ರ ಹಣೆಯ ಮೇಲೆ ಬೆವರು.

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ. "ಇಷ್ಟು ದಿನ ಬಾಯಿ ಬಿಟ್ಟು ಹೇಳುವುದಕ್ಕೇನಾಗಿತ್ತೇ ನಿನಗೆ?" ಅಂತ ಅವಳನ್ನೇ ಬೈದೆ. ಅವಳು ಏನು ಹೇಳಬೇಕಿತ್ತೋ ದೇವರಿಗೇ ಗೊತ್ತು.

ಹತ್ತನೇ ತರಗತಿ ಪಾಸಾಗುವುದು ಆ ಮನೆಗೆ ದೊಡ್ಡ ವಿಷಯವಾಗಿತ್ತು. ಅಂಗನವಾಡಿಯಲ್ಲಿ ಸಹಾಯಕಿಯ ಜಾಗ ಖಾಲಿಯಾಗುವುದಿತ್ತು, ಎಸ್ಸೆಸ್ಸೆಲ್ಸಿ ಆಗಿದ್ದರೆ ಅರ್ಜಿ ಹಾಕಬಹುದು ಅಂತ ಅವ್ವ ಯಾರ ಬಾಯಲ್ಲೋ ಕೇಳಿಸಿಕೊಂಡು ಎರಡು ವರ್ಷದಿಂದ ಅದನ್ನೇ ಜಪ ಮಾಡುತ್ತಿದ್ದಳು. ವಯಸ್ಸು ತುಂಬಲಿ, ಅಲ್ಲಿಯವರೆಗೆ ಪಾಸಾಗಿರಲಿ, ಕುರಿ ಹಿಂದೆ ಹೋಗುವುದು ನನ್ನ ತಲೆಗೇ ಕೊನೆಯಾಗಲಿ ಅನ್ನುವುದು ಅವಳ ಲೆಕ್ಕ. ಆ ಲೆಕ್ಕದಲ್ಲಿ ಮಗಳಿಗೆ ಓದುವುದಕ್ಕೆ ಬರುವುದಿಲ್ಲ ಅನ್ನುವುದೊಂದು ಸೇರಿರಲಿಲ್ಲ.

ಸರ್ಟಿಫಿಕೇಟಿಗೆ ತುಮಕೂರಿಗೆ ಮೂರು ಸಲ ಹೋದೆವು. ಒಮ್ಮೆ ಡಾಕ್ಟರು ರಜೆ, ಒಮ್ಮೆ ಆಧಾರಿನಲ್ಲಿ ಹುಟ್ಟಿದ ದಿನ ಬೇರೆ, ಮೂರನೆಯ ಸಲ ಸಿಕ್ಕಿತು. ಬಸ್ಸಿನಲ್ಲಿ ಅವ್ವ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಏನವ್ವಾ, ನನ್ ಮಗಳು ಪೆದ್ದು ಅಂತ ಸರ್ಕಾರದೋರು ಮುದ್ರೆ ಒತ್ತವ್ರಾ?" ಅಂದಳು. ಅಲ್ಲಮ್ಮ, ಪೆದ್ದಲ್ಲ ಅಂತ ಒತ್ತಿದ್ದಾರೆ ಅಂತ ವಿವರಿಸುವುದರೊಳಗೆ ಗುಬ್ಬಿ ದಾಟಿತ್ತು. ಅವಳಿಗೆ ಅರ್ಥವಾಯಿತೋ ಇಲ್ಲವೋ, ಕಾಗದವನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿದ್ದೆ ಹೋದಳು.

ಆ ಕಾಗದದ ಮೇಲೆ ಆದೇಶ ಬಂತು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಮತ್ತೆ ಒಬ್ಬ ಲಿಪಿಕಾರರು. ಅಂದರೆ ಪ್ರಶ್ನೆ ಓದಿ ಹೇಳುವುದಕ್ಕೆ, ಇವಳು ಬಾಯಲ್ಲಿ ಹೇಳಿದ ಉತ್ತರವನ್ನು ಕಾಗದಕ್ಕಿಳಿಸುವುದಕ್ಕೆ, ಇವಳಿಗಿಂತ ಕೆಳಗಿನ ತರಗತಿಯಲ್ಲಿ ಓದುವ ಒಂದು ಮಗು. ನಾನು ಒಂಬತ್ತನೇ ತರಗತಿಯಿಂದ ಒಬ್ಬಳನ್ನು ಆರಿಸಿದೆ. ತೋಟದ ಮನೆಯ ಹುಡುಗಿ, ದುಂಡು ಅಕ್ಷರ, ಬಾಯಿ ಸ್ವಲ್ಪ ಜಾಸ್ತಿ. ಅವಳ ಅಪ್ಪನಿಗೆ ಇನ್ನೂರು ತೆಂಗಿನ ಮರ, ಮನೆಯಲ್ಲಿ ಅಜ್ಜಿಯದೇ ಯಜಮಾನಿಕೆ. ಕೇಳುವುದಕ್ಕೆ ಹೋದಾಗ ಅಜ್ಜಿ ಎಲೆಅಡಿಕೆ ಅಗಿಯುತ್ತ, "ಬರೆಯೋ ಕೈ ಸವೆದೋಯ್ತದಾ? ಹೋಗ್ಲಿ ಬುಡಿ" ಅಂದಿದ್ದಳು.

ಜನವರಿಯಿಂದ ಶಾಲೆಯ ಹಿಂದಿನ ಹೊಂಗೆಮರದ ಕೆಳಗೆ ಇಬ್ಬರನ್ನೂ ಎದುರು ಬದುರು ಕೂರಿಸಿದೆ. ನೋಡುವವರಿಗೆ ಸುಲಭ, ಒಬ್ಬಳು ಹೇಳುವುದು ಇನ್ನೊಬ್ಬಳು ಬರೆಯುವುದು. ಮಾಡಿಸುವವಳಿಗೆ ಗೊತ್ತು. ನಮ್ಮ ಹುಡುಗಿ ಮೊದಮೊದಲು ಬಾಯೇ ಬಿಡಲಿಲ್ಲ. ಬಿಟ್ಟ ಮೇಲೆ ಕುರಿ ಅಟ್ಟುವ ವೇಗದಲ್ಲಿ ಹೇಳತೊಡಗಿದಳು. ಒಂಬತ್ತನೇ ಕ್ಲಾಸಿನವಳು ಪೆನ್ನು ಕೆಳಗಿಟ್ಟು, "ಅಕ್ಕಾ, ನಾನೇನು ಬಸ್ಸಾ?" ಅನ್ನುವಳು. ಇನ್ನೊಮ್ಮೆ ಇವಳು ಹೇಳಿದ್ದಕ್ಕೆ ಅವಳು ಸ್ವಂತದ ಎರಡು ವಾಕ್ಯ ಸೇರಿಸಿ ಬರೆದಳು. ಓದಿ ತೋರಿಸಿದಾಗ ನಮ್ಮ ಹುಡುಗಿಗೆ ಬಂತು ನೋಡಿ ಸಿಟ್ಟು. "ನಾನ್ ಹೇಳಿದ್ದು ಬರಿಯೇ! ನಿನ್ ಪರೀಕ್ಷೆ ಬಂದಾಗ ನಿಂದು ಬರ್ಕೊ." ಮೂರು ವರ್ಷದಲ್ಲಿ ಅವಳ ಗಂಟಲು ಅಷ್ಟು ಗಟ್ಟಿಯಾಗಿದ್ದನ್ನು ಕೇಳಿದ್ದು ನಾನು ಆವತ್ತೇ. ನನಗೆ ಒಳಗೇ ಖುಷಿಯಾಯಿತು, ಹೊರಗೆ ಮಾತ್ರ ಇಬ್ಬರಿಗೂ ಬೈದೆ.

ಹೀಗೆ ಎರಡು ತಿಂಗಳು. ನನ್ನ ಮನೆಯಲ್ಲಿ ಅನ್ನಕ್ಕೆ ಸಾರು ಹೊಂದುತ್ತಿರಲಿಲ್ಲ, ಸಾರಿಗೆ ಉಪ್ಪು ಹೊಂದುತ್ತಿರಲಿಲ್ಲ. ಸಂಜೆ ಆರೂವರೆಗೆ ಮನೆ ಸೇರಿ ಚಪ್ಪಲಿ ಬಿಟ್ಟ ಜಾಗದಲ್ಲೇ ಗೋಡೆಗೊರಗಿ ಕೂತುಬಿಡುತ್ತಿದ್ದೆ. ಶಾಲೆಯಲ್ಲಿ ಸಹೋದ್ಯೋಗಿಗಳ ಮಾತು ಬೇರೆ. "ಒಂದು ಹುಡುಗಿಗೆ ಇಷ್ಟು ಮೈ ಮುರೀತೀರಲ್ಲ ಮೇಡಂ, ಉಳಿದ ಮೂವತ್ತೊಂಬತ್ತು ಜನಕ್ಕೆ ಏನು ಉತ್ತರ ಹೇಳ್ತೀರಿ?" ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಅವಳು ಪಾಸಾಗಬೇಕು ಅನ್ನುವುದು ನನಗೆ ಹಲ್ಲುನೋವಿನ ಹಾಗೆ ಹಿಡಿದುಕೊಂಡಿತ್ತು.

ಪರೀಕ್ಷೆಗೆ ಒಂದು ವಾರ ಮುಂಚೆ ಓದುವ ರಜೆ ಬಿಟ್ಟರು. ಒಂಬತ್ತನೆಯವರ ಪರೀಕ್ಷೆಯೂ ಮುಗಿದಿತ್ತು. ಸೋಮವಾರದಿಂದ ಶನಿವಾರದವರೆಗೆ ದಿನಾ ಹತ್ತು ಗಂಟೆಗೆ ಇಬ್ಬರೂ ಹೊಂಗೆಮರದ ಕೆಳಗೆ ಬರಬೇಕು, ದಿನಕ್ಕೊಂದು ವಿಷಯ ಪೂರ್ತಿ ಬರೆಸುತ್ತೇನೆ ಅಂತ ಹೇಳಿದ್ದೆ. ಸೋಮವಾರ ಹೋದೆ. ಇಬ್ಬರೂ ಇಲ್ಲ. ಮಂಗಳವಾರ ಹೋದೆ. ಇಲ್ಲ. ಬುಧವಾರ ಬಿಸಿಲು ತಲೆ ಸೀಳುತ್ತಿತ್ತು, ಆವತ್ತೂ ಇಲ್ಲ. ಹಟ್ಟಿಯ ಫೋನು ಸ್ವಿಚ್ ಆಫ್. ಮೂರು ದಿನ ಖಾಲಿ ಶಾಲೆಯಲ್ಲಿ ಒಬ್ಬಳೇ ಕೂತು, ಬುತ್ತಿ ಉಂಡು, ಬಸ್ಸು ಹತ್ತಿ ವಾಪಸು ಬಂದೆ. ಗುರುವಾರ ಬಸ್ಸು ಇಳಿದವಳು ಶಾಲೆಗೆ ಹೋಗಲಿಲ್ಲ, ನೇರ ಒಂಬತ್ತನೇ ಕ್ಲಾಸಿನವಳ ತೋಟದ ಮನೆಗೆ ಹೋದೆ.

ಅಲ್ಲಿ ಅಟ್ಟ ಇಳಿಸುವ ಕೆಲಸ ನಡೆದಿತ್ತು. ನಮ್ಮ ಕಡೆ ಕಾಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಟ್ಟು, ಒಳಗಿನ ತಿರುಳು ಒಣಗಿ ಗಿಟುಕು ಕೊಬ್ಬರಿಯಾಗಿ ಚಿಪ್ಪು ಬಿಟ್ಟು ಅಲುಗಾಡುವಾಗ ಇಳಿಸಿ ಸುಲಿಯುತ್ತಾರೆ. ಅಂಗಳದ ತುಂಬ ಕಾಯಿ ರಾಶಿ, ಸುಲಿಯುವವರು ಮೂವರು, ಚಿಪ್ಪು ಒಡೆಯುವ ಹೆಂಗಸರು ಒಂದು ಕಡೆ. ಕಾಯಿಂದ ಸುಲಿದ ಮಟ್ಟೆ ತುಂಬಿದ ಮಂಕರಿ ತಲೆಯ ಮೇಲೆ ಹೊತ್ತು ಹಿತ್ತಿಲ ಕಡೆ ಹೋಗುತ್ತಿದ್ದಳು ನಮ್ಮ ಹುಡುಗಿ. ಕೂದಲು, ಹುಬ್ಬು, ರೆಪ್ಪೆ ಎಲ್ಲ ಕಂದು ಧೂಳು. ಅವಳ ಪರೀಕ್ಷೆ ಬರೆಯಬೇಕಾದವಳು ಜಗಲಿಯ ಮೇಲೆ ಕೂತು ನೀರುಮಜ್ಜಿಗೆ ಬೆರೆಸುತ್ತಿದ್ದಳು.

ಮಂಡಿ, ಬಿಸಿಲು, ಮೂರು ದಿನದ ಖಾಲಿ ಶಾಲೆ, ಎರಡು ತಿಂಗಳ ಹೊಂಗೆಮರ, ಎಲ್ಲ ಒಟ್ಟಿಗೆ ತಲೆಗೇರಿತು. ನಾನು ಅಂಗಳದ ನಡುವೆ ನಿಂತು ಕೂಗಾಡಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಒಂದು ಮಾತು ಮಾತ್ರ ಚೆನ್ನಾಗಿ ನೆನಪಿದೆ. "ನಾಲ್ಕಕ್ಷರ ಬರೆದುಕೊಡುವುದಕ್ಕೆ ತಂದೆಯಿಲ್ಲದ ಮಗುವಿನ ಕೈಲಿ ಜೀತ ಮಾಡಿಸುತ್ತೀರಾ? ನಾಚಿಕೆ ಆಗಲ್ವಾ ನಿಮಗೆ?" ಅಂದೆ.

ಸುಲಿಯುವವರ ಕೈ ನಿಂತಿತು. ರಸ್ತೆಯಲ್ಲಿ ಹೋಗುತ್ತಿದ್ದವರು ಬೇಲಿಯ ಹತ್ತಿರ ನಿಂತರು. ನಮ್ಮ ಹುಡುಗಿ ಮಂಕರಿ ಇಳಿಸಿ ಓಡಿ ಬಂದು, "ಜೀತ ಅಲ್ಲ ಮೇಡಂ, ಮುಯ್ಯಿ, ಮುಯ್ಯಿ ಮೇಡಂ" ಅಂತ ನನ್ನ ಕೈ ಹಿಡಿದಳು. "ನೀನು ಬಾಯಿ ಮುಚ್ಚು" ಅಂದೆ.

ಒಂಬತ್ತನೇ ಕ್ಲಾಸಿನವಳ ಅಪ್ಪ ಕೈಯಲ್ಲಿದ್ದ ಕಾಯನ್ನು ರಾಶಿಗೆ ಹಾಕಿ ಎದ್ದು ನಿಂತ. ದನಿ ಎತ್ತಲಿಲ್ಲ. "ನಮ್ ಮನೇಲಿ ನಮ್ ತಾತನ ಕಾಲದಲ್ಲೂ ಯಾರ ಕೈಲೂ ಜೀತ ಮಾಡಿಸಿಲ್ಲ ಕಣ್ರೀ ಮೇಡಂ. ಬೀದಿ ಜನದ ಮುಂದೆ ಆ ಮಾತು ಅಂದ್ಬಿಟ್ರಿ. ಆಯ್ತು. ನಿಮ್ ಪರೀಕ್ಷೆಗೆ ನಮ್ ಹುಡ್ಗಿ ಬರಲ್ಲ, ಬೇರೆ ಯಾರ್ನಾದ್ರೂ ನೋಡ್ಕೊಳ್ಳಿ." ಜಗಲಿಯ ಮೇಲಿದ್ದ ಮಗಳು ಮಜ್ಜಿಗೆಯ ಪಾತ್ರೆ ಬಿಟ್ಟು ಒಳಗೆ ಹೋದಳು. ನಾನು ನಮ್ಮ ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡು ಹೊರಟೆ. ತೋಟದ ಗೇಟು ದಾಟಿದ ಮೇಲೆ ಅವಳು ಕೈ ಕೊಸರಿಕೊಂಡು ಹಟ್ಟಿಯ ಕಡೆ ನಡೆದಳು, ನನ್ನ ಜೊತೆ ಶಾಲೆಗೆ ಬರಲಿಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಶುಕ್ರವಾರ ಆ ಅಪ್ಪನಿಗೆ ಆರು ಸಲ ಫೋನು ಮಾಡಿದೆ, ಎತ್ತಲಿಲ್ಲ. ಶನಿವಾರ ಶಿಕ್ಷಣ ಇಲಾಖೆಯ ಆಫೀಸಿಗೆ ಓಡಿದೆ. ಇನ್ನೊಂದು ಹುಡುಗಿಯ ಹೆಸರು ಬರೆದುಕೊಂಡು ಹೋಗಿದ್ದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಟೀ ಕೊಟ್ಟರು. "ಆದೇಶದಲ್ಲಿ ಹೆಸರಿದೆ ಮೇಡಂ. ಹೆಸರು ಬದಲಾಗಬೇಕಾದರೆ ಹೊಸ ಅರ್ಜಿ, ಹೊಸ ಆದೇಶ. ಸೋಮವಾರ ಬೆಳಿಗ್ಗೆ ಪರೀಕ್ಷೆ ಇಟ್ಟುಕೊಂಡು ಇವತ್ತು ಬಂದರೆ ನಾನೇನು ಮಾಡಲಿ?" ಅಂದರು. ಅವರ ಜಾಗದಲ್ಲಿ ನಾನಿದ್ದರೆ ಟೀ ಕೂಡ ಕೊಡುತ್ತಿರಲಿಲ್ಲ.

ಸೋಮವಾರದ ಮೊದಲ ಪರೀಕ್ಷೆ ಕನ್ನಡ, ನನ್ನದೇ ವಿಷಯ. ವಿಷಯದ ಶಿಕ್ಷಕರು ಆ ದಿನ ಪರೀಕ್ಷಾ ಕೇಂದ್ರದೊಳಗೆ ಕಾಲಿಡುವಂತಿಲ್ಲ. ನಾನು ಕಾಂಪೌಂಡಿನಾಚೆ ಒಂದು ಅಂಗಡಿಯ ಬೆಂಚಿನ ಮೇಲೆ ಕೂತು ಗೇಟನ್ನೇ ನೋಡುತ್ತಿದ್ದೆ, ಕೊನೆಯ ಗಳಿಗೆಯಲ್ಲಾದರೂ ಆ ಅಪ್ಪ ಬೈಕಿನಲ್ಲಿ ಮಗಳನ್ನು ತಂದು ಬಿಡುತ್ತಾನೇನೋ ಅಂತ. ಗಂಟೆ ಹೊಡೆಯಿತು. ಗೇಟು ಮುಚ್ಚಿದರು. ನಮ್ಮ ಹುಡುಗಿಗೆ ಬೇರೆ ಕೋಣೆ, ಒಂದೇ ಬೆಂಚು, ಕಾವಲಿಗೆ ಒಬ್ಬರು ಮೇಷ್ಟರು. ಪ್ರಶ್ನೆ ಓದಿ ಹೇಳುವುದು ಅವರ ಕೆಲಸವಲ್ಲ. ಉಳಿದ ಮಕ್ಕಳೆಲ್ಲ ಬಂದು ಹೋದ ಮೇಲೂ ಅವಳು ಹೊರಗೆ ಬರಲಿಲ್ಲ. ಹೆಚ್ಚುವರಿ ಸಮಯ ಕೊಟ್ಟಿದ್ದರಲ್ಲ, ಅದನ್ನೂ ಪೂರ್ತಿ ಕೂತಳು.

ಬಂದಾಗ ಬೆರಳಿಗೆಲ್ಲ ಶಾಯಿ. ಅಳುತ್ತಿರಲಿಲ್ಲ, ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಒಂದೂವರೆ ಪುಟ ಬರ್ದೆ ಮೇಡಂ" ಅಂದಳು. ಆಮೇಲೆ, "ಆ ಮೇಷ್ಟ್ರು ಸುಮ್ನೆ ಒಂದ್ ಸಲ ಪ್ರಶ್ನೆ ಓದಿದ್ರೆ ಸಾಕಾಗಿತ್ತು. ಉತ್ರ ಎಲ್ಲ ಬಾಯಲ್ಲೇ ಇತ್ತು" ಅಂದಳು. ಅಂಗಡಿಯವನಿಂದ ಅವಳಿಗೆ ಒಂದು ಸೋಡಾ ಕೊಡಿಸಿದೆ. ಅವಳು ಅದನ್ನು ಕುಡಿದು ಬಾಟಲಿಯನ್ನು ಜೋಪಾನವಾಗಿ ವಾಪಸು ಕೊಟ್ಟಳು.

ಅಲ್ಲಿಂದ ಅವಳ ಜೊತೆ ಹಟ್ಟಿಗೆ ಹೋದೆ. ಅವ್ವ ಕುರಿಗೆ ಸೊಪ್ಪು ಕಟ್ಟುತ್ತಿದ್ದಳು. ನಾನು ಕೂರುವ ಮೊದಲೇ ಜಗಳ ತೆಗೆದೆ. ಪರೀಕ್ಷೆಯ ವಾರದಲ್ಲಿ ಮಗಳನ್ನು ಮಟ್ಟೆ ಹೊರುವುದಕ್ಕೆ ಯಾಕೆ ಕಳಿಸಿದೆ, ಅವರೇನಾದರೂ ಕೇಳಿದರಾ ಅಂತ.

"ಅವ್ರ್ಯಾಕೆ ಕೇಳಾರು? ಬ್ಯಾಡ ಅಂತಾನೇ ಅಂದ್ರು. ನಾನೇ ಕಳ್ಸಿದ್ದು" ಅಂದಳು ಅವ್ವ. "ನಮ್ ರಾಗಿ ಕುಯ್ಲಿಗೆ ಒಬ್ರು ಬಂದ್ರೆ ಅವ್ರ ಕುಯ್ಲಿಗೆ ನಾವು ಹೋಯ್ತೀವಿ. ಅದು ಕೂಲಿ ಅಲ್ಲ, ನೀವಂದ್ರಲ್ಲ ಅದೂ ಅಲ್ಲ. ಮುಯ್ಯಾಳು. ಆ ಕೂಸು ಆರು ದಿನ ನನ್ ಮಗಳಿಗೆ ಕೈ ಆಗ್ತದೆ. ನನ್ ಮಗಳು ಆರು ದಿನ ಆ ಮನೆಗೆ ಕೈ ಆಗ್ಬೇಕಲ್ವಾ?"

"ಪರೀಕ್ಷೆ ಮುಗಿದ ಮೇಲೆ ಮಾಡಿದ್ದರೆ ಆಗುತ್ತಿರಲಿಲ್ಲವೇನಮ್ಮ?"

"ಅವ್ರ ಅಟ್ಟ ಇಳ್ಸಿದ್ದು ಈ ವಾರ. ಕೆಲ್ಸ ಇದ್ದಾಗ ಹೋದ್ರೆ ಮುಯ್ಯಿ, ಕೆಲ್ಸ ಇಲ್ದಾಗ ಹೋದ್ರೆ ನೆಂಟಸ್ತಿಕೆ. ಪುಕ್ಸಟ್ಟೆ ಬರೆಸ್ಕೊಂಡ್ರೆ ನಾಳೆ ಊರೋರು ಏನಂತಾರೆ? ತೋಟದ ಮನೆಯೋರು ಪಾಸ್ ಮಾಡಿಸ್ಕೊಟ್ರು ಅಂತಾರೆ. ನನ್ ಮಗಳೇ ಪಾಸಾದ್ಲು ಅನ್ಬೇಕಲ್ಲವ್ವ."

ನಾನು ತಿಪಟೂರು ಪೇಟೆಯಲ್ಲಿ ಹುಟ್ಟಿ ಬೆಳೆದವಳು, ಅಪ್ಪ ಗುಮಾಸ್ತರು. ಈ ಪದವನ್ನು ಮಕ್ಕಳಿಗೆ ನಾನೇ ಬರೆಸಿದ್ದೆ: ಮುಯ್ಯಾಳು ಎಂದರೆ ಕೆಲಸಕ್ಕೆ ಬದಲಾಗಿ ಮಾಡುವ ಕೆಲಸ. ಒಂದು ಅಂಕದ ಪ್ರಶ್ನೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಇನ್ನೂ ಒಂದು ವಿಷಯ ಆಗ ಗೊತ್ತಾಯಿತು. ನಾನು ಗುರುವಾರ ಎಳೆದುಕೊಂಡು ಬಂದ ಮೇಲೂ ಹುಡುಗಿ ಶುಕ್ರವಾರ, ಶನಿವಾರ ಎರಡು ದಿನವೂ ಆ ಮನೆಗೆ ಹೋಗಿ ಮಟ್ಟೆ ಹೊತ್ತಿದ್ದಳು. ಮಗಳನ್ನು ಕಳಿಸುವುದಿಲ್ಲ ಅಂತ ಆ ಅಪ್ಪ ಹೇಳಿಯಾಗಿತ್ತು, ಆದರೂ. "ಹಿಡಿದ ಕೆಲ್ಸ ಅರ್ಧಕ್ಕೆ ಬುಟ್ಟು ಬಂದ್ರೆ ನಮ್ದೇ ತಪ್ಪಾಯ್ತದೆ ಮೇಡಂ" ಅಂದಳು ಹುಡುಗಿ. ಬೇಡ ಅನ್ನದೆ ಅಜ್ಜಿ ಎರಡು ದಿನವೂ ಊಟಕ್ಕೆ ಹಾಕಿದ್ದಳಂತೆ.

ಅವರಿಬ್ಬರನ್ನೂ ಕರೆದುಕೊಂಡು ತೋಟದ ಮನೆಗೆ ಹೋದೆ. ಹೊತ್ತು ಮುಳುಗುವುದರಲ್ಲಿತ್ತು. ಅಪ್ಪ ಜಗಲಿಯ ಮೇಲೆ ಕೂತು ಗಿಟುಕು ಕೊಬ್ಬರಿಯನ್ನು ಚೀಲಕ್ಕೆ ತುಂಬುತ್ತಿದ್ದ, ನನ್ನನ್ನು ನೋಡಿ ತಲೆ ಬಗ್ಗಿಸಿದ. "ನನ್ನ ಬಾಯಿ ಕೆಟ್ಟದ್ದು. ಆಡಬಾರದ ಮಾತು ಆಡಿದೆ. ತಪ್ಪಾಯಿತು" ಅಂದೆ. ಅವನು ಕೊಬ್ಬರಿ ತುಂಬುತ್ತಲೇ ಇದ್ದ. ನನ್ನ ಕ್ಷಮಾಪಣೆಯಿಂದ ಅಲ್ಲಿ ಒಂದು ಕಡ್ಡಿಯೂ ಅಲುಗಲಿಲ್ಲ.

ಮಾತಾಡಿದವಳು ಅಜ್ಜಿ, ಅದೂ ನನ್ನ ಜೊತೆ ಅಲ್ಲ. ಬಾಗಿಲಿಗೆ ಬಂದು ಮಗನಿಗೆ ಹೇಳಿದಳು. "ಲೇ, ಆವಮ್ಮ ಬೈದಿದ್ದು ನಿಂಗೆ. ಮಟ್ಟೆ ಹೊತ್ತಿದ್ದು ಈ ಕೂಸು. ಎರಡನ್ನೂ ಯಾಕ್ಲಾ ಗಂಟಾಕ್ತೀಯ? ಆರು ದಿನ ಗೇಯಿಸ್ಕೊಂಡು ನಿನ್ ಮಗಳನ್ನ ಮನೇಲಿ ಕೂರಿಸ್ಕೊಂಡ್ರೆ ಆವಾಗ ಅದು ಜೀತಾನೇ ಕಣ್ಲಾ. ಮುಯ್ಯಿ ಹೊತ್ಕೊಂಡು ಉಣ್ಣೋ ಅನ್ನ ದಕ್ಕಾಕಿಲ್ಲ. ಮುಂದಿನ ಪರೀಕ್ಷೆಗೆ ಕಳ್ಸು."

ಅಪ್ಪ ಚೀಲದ ಬಾಯಿ ಕಟ್ಟಿದ. "ಎಷ್ಟೊತ್ತಿಗೆ?" ಅಂತ ನಮ್ಮ ಹುಡುಗಿಯನ್ನು ಕೇಳಿದ, ನನ್ನನ್ನಲ್ಲ.

ಎರಡನೆಯ ಪರೀಕ್ಷೆಯಿಂದ ಒಂಬತ್ತನೇ ಕ್ಲಾಸಿನವಳು ಬಂದಳು, ಐದಕ್ಕೆ ಐದೂ. ಅಪ್ಪನೇ ಬೈಕಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ತಂದು ಬಿಡುತ್ತಿದ್ದ. ನಾನು ದಿನಾ ಅದೇ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಿದ್ದೆ. ನನ್ನ ಕಡೆ ತಲೆಯಾಡಿಸುವಷ್ಟು ಅವನು ಇಳಿದು ಬಂದಿದ್ದು ಕೊನೆಯ ದಿನ.

ಫಲಿತಾಂಶ ಬಂತು. ಇಂಗ್ಲಿಷು, ಹಿಂದಿ, ಗಣಿತ, ವಿಜ್ಞಾನ, ಸಮಾಜ, ಐದರಲ್ಲೂ ಪಾಸು. ಸಮಾಜದಲ್ಲಿ ನಮ್ಮ ತರಗತಿಗೇ ಮೂರನೆಯವಳು. ಕನ್ನಡದಲ್ಲಿ ಫೇಲು. ಹೆಡ್‌ಮಾಸ್ಟರು ಕಂಪ್ಯೂಟರಿನ ಮುಂದೆ ಕೂತು, "ಏನ್ ಮೇಡಂ, ಮನೆ ಭಾಷೆ, ಅದೂ ನಿಮ್ಮ ಸಬ್ಜೆಕ್ಟೇ ಹೋಯ್ತಲ್ಲ!" ಅಂದರು. ಅವರಿಗೆ ತಮಾಷೆ. ಅವಳನ್ನು ಫೇಲ್ ಮಾಡಿದ್ದು ಯಾರು ಅಂತ ನನಗೆ ಗೊತ್ತಿತ್ತು. ಆವತ್ತು ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನನಗೆ ಕೂರುವುದಕ್ಕೆ ಮನಸ್ಸಾಗಲಿಲ್ಲ.

ಈಗ ಸಪ್ಲಿಮೆಂಟರಿ ಅನ್ನುವುದಿಲ್ಲ, ಎರಡನೇ ಪರೀಕ್ಷೆ ಅನ್ನುತ್ತಾರೆ, ಒಂದು ತಿಂಗಳೊಳಗೇ ಇರುತ್ತದೆ. ಹೋದ ಒಂದು ವಿಷಯ ಬರೆದರೆ ಸಾಕು. ಆದರೆ ಬೇಸಿಗೆಯಲ್ಲಿ ಹಟ್ಟಿಯವರು ಕುರಿ ಹೊಡೆದುಕೊಂಡು ಹುಲ್ಲು ಇರುವ ಕಡೆ ಹೋಗಿಬಿಡುತ್ತಾರೆ. ಒಮ್ಮೆ ಹೋದರೆ ಮುಗಿಯಿತು, ಇಂಥ ಎಷ್ಟು ಮಕ್ಕಳನ್ನು ನಾನು ಕಂಡಿಲ್ಲ. ಇನ್ನೊಮ್ಮೆ ಬರೆಯಮ್ಮ ಅಂತ ಕಾಲು ಹಿಡಿಯಬೇಕು, ಅವ್ವನನ್ನು ಒಪ್ಪಿಸಬೇಕು, ತೋಟದ ಮನೆಯಲ್ಲಿ ಮತ್ತೆ ತಲೆ ಬಗ್ಗಿಸಬೇಕು. ನಿಜ ಹೇಳುತ್ತೇನೆ, ನನ್ನಲ್ಲಿ ಶಕ್ತಿ ಇರಲಿಲ್ಲ. ಎರಡು ದಿನ ಮನೆಯಲ್ಲಿ ಸುಮ್ಮನೆ ಮಲಗಿದ್ದೆ. ಮೂರನೆಯ ದಿನ ಹೋದೆ.

ಹಟ್ಟಿಯ ಮನೆಗೆ ಬೀಗ ಇತ್ತು. ಪಕ್ಕದ ಮನೆಯವಳು, "ಅವ್ವ ಕುರಿ ಹೊಡ್ಕೊಂಡು ಹೋದ್ಲು ಕಣ್ರೀ, ಮಗಳು ತೋಟದ ಮನೇಲವ್ಳೆ" ಅಂದಳು. ತೋಟದ ಮನೆಗೆ ಹೋದರೆ, ಜಗಲಿಯ ಮೇಲೆ ಇಬ್ಬರೂ ಎದುರು ಬದುರು ಕೂತಿದ್ದಾರೆ. ಒಬ್ಬಳು ಹೇಳುತ್ತಿದ್ದಾಳೆ, ಒಬ್ಬಳು ಬರೆಯುತ್ತಿದ್ದಾಳೆ. ನನ್ನ ಕನ್ನಡ ಪುಸ್ತಕ ನಡುವೆ ಬಿದ್ದಿದೆ. ಪರೀಕ್ಷೆಗೆ ಅರ್ಜಿಯನ್ನೂ ಹಿಂದಿನ ದಿನವೇ ಇಬ್ಬರೂ ಹೋಗಿ ಕಟ್ಟಿ ಬಂದಿದ್ದರು. ಬಸ್ಸಿನಲ್ಲಿ ನಾನು ಹೊಂದಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹಾಗೇ ಉಳಿದವು. "ಇವಳು ಬರೋದಕ್ಕೆ ಒಪ್ಪಿದಳಾ? ಅಪ್ಪ ಒಪ್ಪಿದರಾ?" ಅಂತ ಕೇಳಿದೆ.

ನಮ್ಮ ಹುಡುಗಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಒಪ್ಪೋದೇನು ಮೇಡಂ? ನಾನು ಆರು ದಿನ ಬಂದಿದ್ದೆ. ಇವ್ಳು ಐದು ದಿನ ಬಂದವ್ಳೆ. ಇನ್ನೊಂದ್ ದಿನ ಐತಲ್ಲ."

ಒಂಬತ್ತನೇ ಕ್ಲಾಸಿನವಳು ಪೆನ್ನಿನ ತುದಿ ಕಚ್ಚುತ್ತ ಹೌದು ಅಂತ ತಲೆಯಾಡಿಸಿದಳು. ಒಳಗಿನಿಂದ ಅಜ್ಜಿ ಮಜ್ಜಿಗೆ ಕಳಿಸಿದಳು. ಕುಡಿದು ಲೋಟ ಇಟ್ಟು, "ಆಯಿತು ಹಾಗಾದರೆ, ಪರೀಕ್ಷೆ ದಿನ ನಾನು ಮುಂಚೆಯೇ ಬಂದು ಅಂಗಡಿ ಹತ್ತಿರ ಕೂತಿರುತ್ತೇನೆ" ಅಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ನಮ್ಮ ಹುಡುಗಿ ಸ್ವಲ್ಪ ಹೊತ್ತು ಪುಸ್ತಕದ ಅಂಚು ಮಡಿಸಿದಳು. ಆಮೇಲೆ ನೆಲ ನೋಡದೆ, ನನ್ನ ಮುಖ ನೋಡಿಯೇ ಹೇಳಿದಳು. "ಬರ್ಬ್ಯಾಡಿ ಮೇಡಂ. ನೀವು ಗೇಟಲ್ಲಿ ಕೂತಿದ್ರೆ ನಂಗೆ ಎಂಟನೇ ಕ್ಲಾಸಿನ ಬಾಗ್ಲಾಚೆ ನಿಂತಂಗೆ ಆಯ್ತದೆ. ಬಾಯಿ ಕಟ್ಕೊಳ್ತದೆ."

ಐದು ಪರೀಕ್ಷೆಯೂ ಅವಳು ಹಾಗೇ ಬರೆದಿದ್ದಳು, ಒಂದು ದಿನವೂ ಹೇಳಿರಲಿಲ್ಲ. ನನಗೆ ಸಿಟ್ಟು ಬರಲಿಲ್ಲ. ಬರುತ್ತದೆ ಅಂತ ಕಾದೆ, ಬರಲಿಲ್ಲ. "ಸರಿ ಕಣೇ" ಅಂದೆ.

ಪರೀಕ್ಷೆಯ ದಿನ ಎಂಟೂಕಾಲಿನ ಬಸ್ಸು ಹೋಗುವ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ಯಾಕೆ ಹೋಗಲಿಲ್ಲ ಅಂತ ನನ್ನ ಗಂಡ ಕೇಳಿದರು, ರಜೆ ಅಂದೆ. ಹತ್ತು ಗಂಟೆಗೆ ಗಡಿಯಾರ ನೋಡಿದೆ, ಹನ್ನೊಂದಕ್ಕೆ ನೋಡಿದೆ, ಒಂದು ಗಂಟೆಗೆ ನೋಡಿದೆ. ಫೋನು ಮಾಡಲಿಲ್ಲ. ಅವಳಿಗೆ ಕನ್ನಡದಲ್ಲಿ ಎಪ್ಪತ್ತೊಂದು ಬಂತು.